ಲೆಟರ್‌ಹೆಡ್ ಅಚ್ಚಾಗುವ ಮೊದಲೇ ಬರೆದ ಒಪ್ಪಿಗೆ ಪತ್ರ

ಪತ್ರದ ಮೇಲಿದ್ದ ತಾರೀಖು 1996ರ ಮಾರ್ಚ್ 28. ಉತ್ತರ ನೈಜೀರಿಯಾದ ಕಾನೋ ನಗರದ ಬೋಧನಾ ಆಸ್ಪತ್ರೆಯ ಎಥಿಕ್ಸ್ ಕಮಿಟಿ, ಅಂದರೆ ಜನರ ಮೇಲಿನ ಸಂಶೋಧನೆ ಮಾಡಬಹುದೇ ಅಂತ ನೋಡಿ ಒಪ್ಪಿಗೆ ಕೊಡುವ ಸಮಿತಿ, ಕೊಟ್ಟದ್ದು. ಮಕ್ಕಳಿಗೆ ಹೊಸ ಔಷಧ ಕೊಟ್ಟು ಪರೀಕ್ಷೆ ಮಾಡಲು ನಮ್ಮ ಒಪ್ಪಿಗೆ ಇದೆ ಅನ್ನುವುದು ಅದರ ಸಾರ. ನೋಡೋಕೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಆ ತಾರೀಖಿನಂದು ಆ ಆಸ್ಪತ್ರೆಯಲ್ಲಿ ಎಥಿಕ್ಸ್ ಕಮಿಟಿ ಅನ್ನುವುದೇ ಇರಲಿಲ್ಲ. ಪತ್ರದ ಲೆಟರ್‌ಹೆಡ್ ಕೂಡ ಅಚ್ಚಾಗಿದ್ದು ತಿಂಗಳುಗಳ ನಂತರ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಅಚ್ಚು ಹಾಕಿಸಿ, ಹಳೇ ತಾರೀಖು ಹಾಕಿದ ಹಾಗೆ.

ನೈಜೀರಿಯಾದಲ್ಲಿ ಈಗ ಯಾವುದೇ ಆರೋಗ್ಯ ಸಂಶೋಧನೆಗೆ ಮೊದಲು ಇಂಥ ಕಮಿಟಿಯ ಒಪ್ಪಿಗೆ ಬೇಕು. ಔಷಧದ ಪ್ರಯೋಗವಾದರೂ ಸರಿ, ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಸಮೀಕ್ಷೆಯಾದರೂ ಸರಿ. ಈ ಕಟ್ಟುನಿಟ್ಟಿಗೆ ಕಾನೋ ಒಂದೇ ಕಾರಣ ಅಂತಲ್ಲ. ಆದರೆ ಕಾನೋ ಬಿಟ್ಟು ಈ ಕತೆ ಹೇಳೋಕಾಗಲ್ಲ.

1996ರ ಆರಂಭದಲ್ಲಿ ಅಲ್ಲಿ ಮೆನಿಂಜೈಟಿಸ್ ಹಬ್ಬಿತು. ಮಿದುಳಿನ ಪೊರೆಗೆ ಸೋಂಕು ತಗಲುವ ಕಾಯಿಲೆ ಇದು. ಸಹಾರಾದ ದಕ್ಷಿಣದ ಒಣ ಪಟ್ಟಿಯಲ್ಲಿ ಬೇಸಿಗೆಯ ಧೂಳಿನ ಜೊತೆಗೇ ಬರುತ್ತದೆ. ಆ ವರ್ಷ ನೈಜೀರಿಯಾ ಒಂದರಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನರಿಗೆ ತಗಲಿತು. ಸತ್ತವರು 11 ಸಾವಿರಕ್ಕೂ ಹೆಚ್ಚು. ಕಾನೋದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಗಡಿಗಳಿಲ್ಲದ ವೈದ್ಯರ ಸಂಸ್ಥೆಯವರು ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಅದು ಅಗ್ಗದ, ಹಳೇ, ಕೆಲಸ ಮಾಡುವ ಔಷಧ.

ಅದೇ ಆಸ್ಪತ್ರೆಗೆ ಅಮೆರಿಕದ ಫೈಜರ್ ಕಂಪನಿಯ ತಂಡವೂ ಬಂತು. ಅವರ ಕೈಯಲ್ಲಿದ್ದದ್ದು ಟ್ರೊವಾಫ್ಲಾಕ್ಸಾಸಿನ್, ಮಾರುಕಟ್ಟೆಗಿನ್ನೂ ಬಂದಿರದ ಆಂಟಿಬಯಾಟಿಕ್. ಸುಮಾರು 200 ಮಕ್ಕಳನ್ನು ಆರಿಸಿಕೊಂಡರು. ಅರ್ಧ ಮಕ್ಕಳಿಗೆ ಈ ಹೊಸ ಔಷಧ, ಇನ್ನರ್ಧಕ್ಕೆ ಆಗಲೇ ಬಳಕೆಯಲ್ಲಿದ್ದ ಸೆಫ್ಟ್ರಿಯಾಕ್ಸೋನ್. 11 ಮಕ್ಕಳು ತೀರಿಹೋದರು. ಹೊಸ ಔಷಧ ತೆಗೆದುಕೊಂಡವರಲ್ಲಿ 5, ಇನ್ನೊಂದು ಗುಂಪಿನಲ್ಲಿ 6. ಇನ್ನು ಕೆಲವರಿಗೆ ಕಿವಿ ಹೋಯಿತು, ಕಣ್ಣು ಹೋಯಿತು, ಕೈಕಾಲು ಸ್ವಾಧೀನ ತಪ್ಪಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಲೆಕ್ಕ ನೋಡಿದರೆ ಹೊಸ ಔಷಧವೇ ಮಕ್ಕಳನ್ನು ಕೊಂದಿತು ಅಂತ ಹೇಳಲು ಬರುವುದಿಲ್ಲ. ಮೆನಿಂಜೈಟಿಸ್ ಸುಮ್ನೆ ಬಿಟ್ಟು ಹೋಗುವ ಕಾಯಿಲೆಯಲ್ಲ. ಚಿಕಿತ್ಸೆ ಸಿಕ್ಕರೂ ಕಿವುಡು, ಕುರುಡು ಉಳಿಯಬಹುದು. ಫೈಜರ್ ಕೂಡ ಇದನ್ನೇ ವಾದಿಸಿತು. ನಮ್ಮ ಔಷಧ ಜೀವ ಉಳಿಸಿದೆ, ತಂದೆತಾಯಿಗಳ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಪಡೆದಿದ್ದೇವೆ ಅಂದಿತು. ಎದುರು ಪಕ್ಷದ ವಾದ ಬೇರೆಯೇ ಇತ್ತು. ಇದು ಪ್ರಯೋಗ ಅಂತ ನಮಗೆ ಯಾರೂ ಹೇಳಲಿಲ್ಲ ಅಂದರು ಪೋಷಕರು. ಪಕ್ಕದ ಕೋಣೆಯಲ್ಲೇ ಬೇರೆ ಔಷಧ ಪುಕ್ಕಟೆ ಸಿಗುತ್ತಿತ್ತು, ಗೊತ್ತಿದ್ದರೆ ಅಲ್ಲಿಗೆ ಹೋಗುತ್ತಿದ್ದೆವು ಅಂದರು. ಹೋಲಿಕೆಗೆ ಕೊಟ್ಟ ಸೆಫ್ಟ್ರಿಯಾಕ್ಸೋನ್ ಪ್ರಮಾಣವನ್ನೂ ಬೇಕಂತಲೇ ಕಡಿಮೆ ಮಾಡಿದ್ದರು ಅನ್ನುವ ಆರೋಪವಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ.

ಜ್ವರದಿಂದ ಕುತ್ತಿಗೆ ಸೆಟೆದುಕೊಂಡ ಮಗುವನ್ನು ಹೊತ್ತು ತಂದ ತಾಯಿ ಒಬ್ಬಳು, ಬಿಳಿ ಕೋಟಿನವರು ಕೊಟ್ಟದ್ದನ್ನು ಚಿಕಿತ್ಸೆ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು? ಆಪರೇಷನ್‌ಗೆ ಮುಂಚೆ 'ಇಲ್ಲಿ ಸಹಿ ಹಾಕಿ' ಅಂದಾಗ ಓದದೆ ಹಾಕುವವರು ನಾವೂ ಅಲ್ವಾ? ಇಂಥ ಹೊತ್ತಿನಲ್ಲಿ ತಾಯಿಯ ಒಪ್ಪಿಗೆ ಒಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಕಮಿಟಿ ಬೇಕಾಗುವುದು. ಗಾಬರಿಯಲ್ಲಿ ಇಲ್ಲದ ನಾಲ್ಕು ಜನ ಮೊದಲೇ ಕೂತು, ಇದನ್ನು ಮಾಡಬಹುದಾ ಅಂತ ಯೋಚಿಸಿರಬೇಕು. ಕಾನೋದಲ್ಲಿ ತಪ್ಪಿಹೋದದ್ದು ಆ 'ಮೊದಲೇ'.

2000ದ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನೆಲ್ಲ ಬಯಲಿಗೆ ತಂದಿತು. ಪತ್ರದ ತಾರೀಖಿನ ಗುಟ್ಟು ಹೊರಬಿದ್ದದ್ದೂ ಆ ಪತ್ರಿಕೆಯಿಂದಲೇ. ನೈಜೀರಿಯಾ ಸರ್ಕಾರ ತಜ್ಞರ ತಂಡವೊಂದನ್ನು ತನಿಖೆಗೆ ಹಾಕಿತು. ನೋಂದಣಿಯಾಗದ ಔಷಧದ ಅಕ್ರಮ ಪ್ರಯೋಗ ಇದು ಅಂತ ತಂಡ ಹೇಳಿತು. ಆ ವರದಿಯನ್ನು ಸರ್ಕಾರ ಹೊರಗೇ ಬಿಡಲಿಲ್ಲ. 2006ರಲ್ಲಿ ಅದು ಸೋರಿ ಮತ್ತೆ ಅದೇ ಪತ್ರಿಕೆಯ ಕೈ ಸೇರಿತು. ತನ್ನದೇ ಜನಕ್ಕೆ ಆದದ್ದನ್ನು ತಾನೇ ಐದು ವರ್ಷ ಬಚ್ಚಿಟ್ಟ ಸರ್ಕಾರವನ್ನು ಏನನ್ನಬೇಕೋ. ಟ್ರೊವಾಫ್ಲಾಕ್ಸಾಸಿನ್ ಕತೆಯೂ ಅಷ್ಟು ಹೊತ್ತಿಗೆ ಮುಗಿದಿತ್ತು. ಅಮೆರಿಕ 1997ರ ಕೊನೆಯಲ್ಲಿ ಅದನ್ನು ದೊಡ್ಡವರಿಗೆ ಮಾತ್ರ ಒಪ್ಪಿತ್ತು. ಲಿವರ್‌ಗೆ ಪೆಟ್ಟು ಬೀಳುತ್ತದೆ ಅಂತ 1999ರಲ್ಲಿ ಅಲ್ಲಿ ಬಳಕೆಗೆ ಕಡಿವಾಣ ಬಿತ್ತು, ಯುರೋಪಿನಲ್ಲಿ ಮಾರಾಟವೇ ನಿಂತಿತು.

ಇದರ ಬೆಲೆ ತೆತ್ತದ್ದು ಬೇರೆಯದೇ ಒಂದು ಕೆಲಸ. 2003ರಲ್ಲಿ ಪೋಲಿಯೊ ಹನಿ ಹಾಕುವವರು ಬಾಗಿಲಿಗೆ ಬಂದಾಗ ಕಾನೋ ಬೇಡ ಅಂದಿತು. ಹನಿಯಲ್ಲಿ ಮಕ್ಕಳಾಗದಂತೆ ಮಾಡುವ ಪದಾರ್ಥವಿದೆ ಅನ್ನುವ ಸುದ್ದಿ ಹಬ್ಬಿತ್ತು. ಅದು ಸುಳ್ಳೇ. ಆದರೆ ಆ ಸುಳ್ಳಿಗೆ ನೆಲ ಹದವಾಗಿತ್ತು. ವಿದೇಶದವರು ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡುತ್ತಾರೆ ಅನ್ನುವುದು ಆ ಊರಿಗೆ ಬರೀ ಗಾಳಿಮಾತಾಗಿರಲಿಲ್ಲ. ಕಾನೋ ರಾಜ್ಯ ಸರ್ಕಾರವೇ ಲಸಿಕೆ ನಿಲ್ಲಿಸಿತು. ಕೊನೆಗೆ ಮುಸ್ಲಿಂ ಬಹುಸಂಖ್ಯಾತ ಇಂಡೊನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿ, 2004ರ ಮಧ್ಯದಲ್ಲಿ ಮತ್ತೆ ಶುರು ಮಾಡಿದರು. ಅಷ್ಟರಲ್ಲಿ ಉತ್ತರ ನೈಜೀರಿಯಾದ ವೈರಸ್ ಗಡಿ ದಾಟಿಯಾಗಿತ್ತು. 2005ರಲ್ಲಿ ಅದು ಯೆಮನ್ ಮತ್ತು, ವಿಪರ್ಯಾಸ ನೋಡಿ, ಇಂಡೊನೇಷ್ಯಾದಲ್ಲೂ ಕಾಣಿಸಿಕೊಂಡಿತು. ಆಫ್ರಿಕಾದಲ್ಲಿ ಕಾಡು ಪೋಲಿಯೊ (ಲಸಿಕೆಯಿಂದ ಬಂದದ್ದಲ್ಲದ, ಸಹಜವಾಗಿ ಹರಡುವ ವೈರಸ್) ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2020ರ ಆಗಸ್ಟ್‌ನಲ್ಲಿ. ಕೊನೆಯವರೆಗೂ ಉಳಿದಿದ್ದ ದೇಶ ನೈಜೀರಿಯಾ.

ನಿಯಮಗಳು ಬಂದದ್ದು ನಿಧಾನಕ್ಕೆ. 2005ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಎಥಿಕ್ಸ್ ಕಮಿಟಿ ಕೂತಿತು. 2007ರಲ್ಲಿ ಅದರ ಸಂಹಿತೆ ಬಂತು. 2014ರಲ್ಲಿ ರಾಷ್ಟ್ರೀಯ ಆರೋಗ್ಯ ಕಾಯ್ದೆ ಬಂದ ಮೇಲೆ ಅದಕ್ಕೆ ಕಾನೂನಿನ ಬಲ ಸಿಕ್ಕಿತು. ಆಸ್ಪತ್ರೆ, ವಿಶ್ವವಿದ್ಯಾಲಯಗಳ ಕಮಿಟಿಗಳು ರಾಷ್ಟ್ರೀಯ ಕಮಿಟಿಯಲ್ಲಿ ನೋಂದಣಿ ಮಾಡಿಸಬೇಕು. ದೇಶದಿಂದ ಹೊರಗೆ ರಕ್ತದ ಮಾದರಿ ಕಳಿಸುವುದಕ್ಕೂ ಕರಾರು ಬೇಕು.

ಅಲ್ಲಿನ ಒಪ್ಪಿಗೆ ಪತ್ರದಲ್ಲಿ ನನ್ನ ಕಣ್ಣಿಗೆ ಬೀಳುವುದು ತಾರೀಖುಗಳು. ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಇದು ಚಾಲ್ತಿ, ಅದರ ಆಚೀಚೆ ಒಬ್ಬರನ್ನೂ ಸೇರಿಸಿಕೊಳ್ಳುವಂತಿಲ್ಲ ಅಂತ ಬರೆದಿರುತ್ತದೆ. ಭಾಗವಹಿಸುವವರ ಕೈಗೆ ಕೊಡುವ ಹಾಳೆಯಲ್ಲೂ ಕಮಿಟಿ ಕೊಟ್ಟ ನಂಬರ್, ಅವಧಿ ಮುಗಿಯುವ ದಿನ ಇರಬೇಕು. ಸಂಶೋಧಕರಿಗೆ ಇದು ತಲೆನೋವು. ಬರೀ ಪ್ರಶ್ನೆ ಕೇಳುವ ಸಮಾಜ ವಿಜ್ಞಾನದವರಿಗೆ ಇನ್ನೂ ಜಾಸ್ತಿ, ನಾವೇನು ಸೂಜಿ ಚುಚ್ಚುತ್ತೀವಾ ಅನ್ನುವುದು ಅವರ ಗೊಣಗು. ಆದರೆ ಎಚ್‌ಐವಿ ಇದೆಯಾ ಅನ್ನುವ ಪ್ರಶ್ನೆ ಪಕ್ಕದ ಮನೆಗೆ ಕೇಳಿಸಿದರೂ ಸಾಕು, ಒಂದು ಸಂಸಾರ ಮುರಿಯಬಹುದು. 2018ರ ದೊಡ್ಡ ಎಚ್‌ಐವಿ ಸಮೀಕ್ಷೆಯಲ್ಲಿ ಪ್ರಶ್ನೆಯೂ ಇತ್ತು, ಸೂಜಿಯೂ ಇತ್ತು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು, ಎಲ್ಲ 36 ರಾಜ್ಯಗಳಲ್ಲೂ ಮುಟ್ಟಿದರು. 15ರಿಂದ 49 ವಯಸ್ಸಿನವರಲ್ಲಿ ಸೋಂಕು 1.4% ಅಂತ ಗೊತ್ತಾಯಿತು, ಹಿಂದಿನ ಅಂದಾಜಿನ ಅರ್ಧದಷ್ಟು.

ಕಾನೋದ ಮಕ್ಕಳ ಕುಟುಂಬಗಳು 2001ರಲ್ಲೇ ನ್ಯೂಯಾರ್ಕ್ ಕೋರ್ಟಿಗೆ ಹೋಗಿದ್ದವು. 2009ರಲ್ಲಿ ಫೈಜರ್, ತಪ್ಪು ಒಪ್ಪಿಕೊಳ್ಳದೆಯೇ, ಕಾನೋ ರಾಜ್ಯದ ಜೊತೆ 7.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ ಕುಟುಂಬಗಳ ಪಾಲು 3.5 ಕೋಟಿ. ಆದರೆ ಹಣ ಬೇಕಾದರೆ ಡಿಎನ್‌ಎ ಪರೀಕ್ಷೆ ಆಗಬೇಕು, ಆ ಮಗು ನಿಮ್ಮದೇ ಅಂತ ಗೊತ್ತಾಗಬೇಕು. ಒಮ್ಮೆ ನಂಬಿ ಕೆಟ್ಟವರು ಮತ್ತೆ ಮಾದರಿ ಕೊಡಲು ಹಿಂದೇಟು ಹಾಕಿದರು. ಹಣ ಹಂಚುವುದು ಅಲ್ಲೇ ನಿಂತಿತು. ಮೊದಲ ನಾಲ್ಕು ಕುಟುಂಬಗಳಿಗೆ ತಲಾ 1,75,000 ಡಾಲರ್ ಕೈಗೆ ಬಂದದ್ದು 2011ರ ಆಗಸ್ಟ್‌ನಲ್ಲಿ, ಮಕ್ಕಳು ಹೋಗಿ 15 ವರ್ಷವಾದ ಮೇಲೆ.