ಹೊಸ್ತಿಲು ತುಳಿದರೆ ಏನು ತಪ್ಪು?

ಪ್ರಶ್ನೆ: ಹೊಸ್ತಿಲು ತುಳಿಯಬಾರದು, ದಾಟಬೇಕು ಅಂತಾರಲ್ಲ. ಬೇರೆ ದೇಶಗಳಲ್ಲೂ ಹೀಗೇನಾ? ಯಾಕೆ?

ಉತ್ತರ: ಹೌದು, ಬಹಳ ಕಡೆ ಹೀಗೇ. ಕಾರಣ ಮಾತ್ರ ಒಂದೊಂದು ಕಡೆ ಒಂದೊಂದು.

ಎಲ್ಲರಿಗಿಂತ ಕಟ್ಟುನಿಟ್ಟು ಹಳೇ ಮಂಗೋಲರದು. 1254ರಲ್ಲಿ ರುಬ್ರುಕ್‌ನ ವಿಲಿಯಂ ಎಂಬ ಯುರೋಪಿನ ಕ್ರೈಸ್ತ ಸನ್ಯಾಸಿ ಮಂಗೋಲರ ದೊರೆ ಮೋಂಗ್ಕೆ ಖಾನನ ಬಿಡಾರದಲ್ಲಿದ್ದ. ಒಂದು ದಿನ ವಿಲಿಯಂನ ಜೊತೆಗಾರ ಹೊರಡುವಾಗ ಖಾನನ ಕಡೆ ತಿರುಗಿ ತಲೆಬಾಗಿದ. ಆಮೇಲೆ ಅವಸರದಲ್ಲಿ ಹೊರಟವನ ಕಾಲು ಹೊಸ್ತಿಲಿಗೆ ಎಡವಿತು. ಅಷ್ಟೇ! ಕಾವಲುಗಾರರು ಹಿಡಿದುಕೊಂಡರು. ವಿಚಾರಣೆ ನಡೆಯಿತು. 'ನಮಗೆ ಯಾರೂ ಹೇಳಿರಲಿಲ್ಲ, ದುಭಾಷಿಯೂ ಜೊತೆಗಿರಲಿಲ್ಲ' ಅಂದದ್ದಕ್ಕೆ ಕ್ಷಮೆ ಸಿಕ್ಕಿತು. ಆದರೆ ಆ ಜೊತೆಗಾರನನ್ನು ಮತ್ತೆಂದೂ ಖಾನನ ಮನೆಯೊಳಗೆ ಬಿಡಲಿಲ್ಲ. ಗೌರವ ತೋರಿಸಲು ಹೋಗಿ ಸಿಕ್ಕಿಬಿದ್ದನಲ್ಲ, ಪಾಪ ಅನ್ನಿಸುತ್ತದೆ.

ರೋಮಿನಲ್ಲಿ ಹೊಸ ಮದುಮಗಳನ್ನು ಎತ್ತಿಕೊಂಡೇ ಹೊಸ್ತಿಲು ದಾಟಿಸುತ್ತಿದ್ದರು. ಯಾಕೆ ಅಂತ ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಸುಮಾರು 1,900 ವರ್ಷಗಳ ಹಿಂದೆಯೇ ಕೇಳಿದ್ದ. ಅವನಿಗೂ ಒಂದೇ ಉತ್ತರ ಸಿಗಲಿಲ್ಲ, ಹಲವು ಕಾರಣ ಕೊಟ್ಟ. ರೋಮಿನ ಮೊದಲ ಹೆಂಡತಿಯರನ್ನು ಬಲವಂತವಾಗಿ ಹೊತ್ತು ತಂದದ್ದರ ನೆನಪು ಅನ್ನುವುದು ಅದರಲ್ಲೊಂದು.

ಜಪಾನಿನ ಹಿರಿಯರು 'ಹೊಸ್ತಿಲು ತುಳಿದರೆ ಅಪ್ಪ ಅಮ್ಮನ ತಲೆ ತುಳಿದ ಹಾಗೆ' ಅನ್ನುತ್ತಾರೆ. ಬಡಗಿಯನ್ನು ಕೇಳಿದರೆ ಬೇರೆ ಉತ್ತರ. ಅಲ್ಲಿನ ಹಳೇ ಮನೆಯ ಬಾಗಿಲು ಪಕ್ಕಕ್ಕೆ ಸರಿಯುವಂಥದ್ದು. ಹೊಸ್ತಿಲಿನ ಮರದಲ್ಲಿ ಸಣ್ಣ ಜಾಡು ಕೊರೆದಿರುತ್ತಾರೆ, ಬಾಗಿಲು ಓಡುವುದು ಅದರಲ್ಲಿ. ದಿನಾ ತುಳಿದರೆ ಅಂಚು ಸವೆಯುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಈ ಕಾರಣ ನನಗೆ ತುಂಬಾ ಇಷ್ಟ. ಆದರೆ ಇದೊಂದೇ ಸಾಲದು. ಮಂಗೋಲರ ಡೇರೆಯ ಬಾಗಿಲಿಗೆ ಇಂಥ ಜಾಡೇ ಇರಲಿಲ್ಲ ಅಲ್ವಾ?

ನನಗೆ ಅನ್ನಿಸುವುದು ಇಷ್ಟು: ಹೊಸ್ತಿಲ ಮೇಲೆ ನಿಂತವರು ಒಳಗೂ ಇಲ್ಲ, ಹೊರಗೂ ಇಲ್ಲ. ಮನೆಯವರಿಗೆ ಅವರು ನೆಂಟರೋ ಪರಕೀಯರೋ ತಿಳಿಯುವುದಿಲ್ಲ. ದಾಟಿದರೆ ಆ ಗೊಂದಲ ಮುಗಿಯಿತು.

ಚೀನಾದ ಅರಮನೆಯಲ್ಲಂತೂ ಎತ್ತರದ ಹೊಸ್ತಿಲುಗಳು, ಕಾಲೆತ್ತಿಯೇ ದಾಟಬೇಕು. 1920ರ ದಶಕದ ಆರಂಭದಲ್ಲಿ, ಪಟ್ಟ ಹೋದಮೇಲೂ ಅಲ್ಲೇ ಇದ್ದ ಹುಡುಗ ದೊರೆ ಪುಯಿಗೆ ಸೈಕಲ್ ಹುಚ್ಚು ಹಿಡಿಯಿತು. ಸೈಕಲ್ಲಿಗೆ ಕಾಲೆತ್ತಲು ಬರುತ್ತದೆಯೇ? ಹಿರಿಯರು ತಲೆಮಾರುಗಳಿಂದ ದಾಟಿಕೊಂಡು ಬಂದ ಹೊಸ್ತಿಲುಗಳನ್ನು ಅವನು ಗರಗಸದಿಂದ ಕೊಯ್ಯಿಸಿಬಿಟ್ಟ.