ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್: ಹಾಕಿಸೋ ಮುಂಚೆ ನೋಡ್ಕೊಳ್ಬೇಕಾದ್ದು

ಎಲೆಕ್ಟ್ರಿಕ್ ಗಿಟಾರ್‌ಗೆ ರಿಫ್ರೆಟ್ (ನೆಕ್ ಮೇಲೆ ಅಡ್ಡಡ್ಡ ಇರೋ ಲೋಹದ ಪಟ್ಟಿಗಳನ್ನ, ಅಂದ್ರೆ ಫ್ರೆಟ್‌ಗಳನ್ನ, ಕಿತ್ತು ಹೊಸದು ಹಾಕೋದು) ಮಾಡಿಸ್ಬೇಕು ಅಂತ ಯೋಚಿಸ್ತಿರೋರಿಗೆ, ಜೊತೆಗೆ ಗಿಟಾರ್ ನುಡಿಸೋಕೆ ಹದ ಮಾಡೋ ಸೆಟಪ್ ಕೆಲಸ ಕಲೀತಾ ಇರೋರಿಗೆ ಅಂತ ಈ ಟಿಪ್ಪಣಿ. ಸ್ಟೇನ್‌ಲೆಸ್ ಅಂದ ತಕ್ಷಣ ಎಲ್ಲರೂ ಕೇಳೋದು ಟೋನ್ ಬದಲಾಗತ್ತಾ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳ್ಬೇಕಾದ ಪ್ರಶ್ನೆ. ಮೊದಲು ಕೇಳ್ಬೇಕಾದ್ದು ಯಾವ ಎತ್ತರ, ಯಾವ ಅಗಲ, ಹಾಕೋರು ಯಾರು ಅನ್ನೋದು, ಯಾಕಂದ್ರೆ ಈ ಲೋಹದ ನಿಜವಾದ ಗುಣ ಒಂದೇ, ಹಾಕಿದ ದಿನ ಫ್ರೆಟ್ ಯಾವ ಆಕಾರದಲ್ಲಿತ್ತೋ ವರ್ಷಗಟ್ಟಲೆ ಅದೇ ಆಕಾರದಲ್ಲಿ ಇರತ್ತೆ, ಕೆಲಸ ಚೆನ್ನಾಗಾಗಿದ್ರೆ ಅದೂ ಉಳಿಯತ್ತೆ, ಕೆಟ್ಟಿದ್ರೆ ಅದೂ ಉಳಿಯತ್ತೆ.

ಸವೆತ ಎಲ್ಲಿಂದ ಶುರು

ಹೆಚ್ಚಿನ ಗಿಟಾರ್‌ಗಳಲ್ಲಿ ಬರೋದು ನಿಕಲ್ ಸಿಲ್ವರ್ ಫ್ರೆಟ್. ಇದು ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ, ನಿಕಲ್ ಸಾಮಾನ್ಯವಾಗಿ 18% ಇರತ್ತೆ, ಬೆಳ್ಳಿ ಇರಲ್ಲ. ಜೆಸ್ಕಾರ್ ಅನ್ನೋ ಫ್ರೆಟ್‌ವೈರ್ ಕಂಪನಿ ಕೊಡೋ ವಿಕರ್ಸ್ ಗಡಸುತನದ ಅಂಕಿ ನೋಡಿದ್ರೆ ನಿಕಲ್ ಸಿಲ್ವರ್ ಸುಮಾರು 200, ಬಂಗಾರದ ಬಣ್ಣದ ಇವೋ ವೈರ್ ಸುಮಾರು 250, ಸ್ಟೇನ್‌ಲೆಸ್ ಸುಮಾರು 300. ಮೇಲಿನ ಮೂರು ಪ್ಲೇನ್ ಸ್ಟ್ರಿಂಗ್‌ಗಳು ಹೈ ಕಾರ್ಬನ್ ಸ್ಟೀಲ್ ತಂತಿ, ಅವು ನಿಕಲ್ ಸಿಲ್ವರ್‌ಗಿಂತ ಎಷ್ಟೋ ಗಡಸು. ಅಂದ್ರೆ ಒತ್ತಿದಾಗ, ಬೆಂಡ್ ಮಾಡಿ ಅಡ್ಡಡ್ಡ ಎಳೆದಾಗ ಸೋಲೋದು ಫ್ರೆಟ್ಟೇ.

ನಿಮ್ಮ ಗಿಟಾರಲ್ಲೇ ನೋಡ್ಬಹುದು. ದೀಪದ ಕೆಳಗೆ ನೆಕ್ ಸ್ವಲ್ಪ ಓರೆಯಾಗಿ ಹಿಡ್ಕೊಳ್ಳಿ, ಬಿ ಸ್ಟ್ರಿಂಗ್ ಪಕ್ಕಕ್ಕೆ ಸರಿಸಿ 1ರಿಂದ 3ನೇ ಫ್ರೆಟ್ ತಲೆ ಮೇಲೆ ಬೆಳಕಿನ ಗೆರೆ ಹೇಗೆ ಬೀಳತ್ತೆ ನೋಡಿ. ಫ್ರೆಟ್ ದುಂಡಗಿದ್ರೆ ಗೆರೆ ಸಣ್ಣಗೆ ಒಂದೇ ಸಮ ಹೋಗತ್ತೆ, ಸವೆದಿದ್ರೆ ಸ್ಟ್ರಿಂಗ್ ಕೂರೋ ಜಾಗದಲ್ಲಿ ಗೆರೆ ಅಗಲ ಆಗಿ ಚಪ್ಪಟೆ ಕಲೆ ಥರ ಕಾಣತ್ತೆ, ಇನ್ನೂ ಜಾಸ್ತಿ ಸವೆದಿದ್ರೆ ಉಗುರು ಆಡಿಸಿದಾಗ ತಗ್ಗು ಸಿಗತ್ತೆ. ಓಪನ್ ಕಾರ್ಡ್ ಜಾಸ್ತಿ ನುಡಿಸೋರಿಗೆ ಮೊದಲ ನಾಲ್ಕೈದು ಫ್ರೆಟ್ ಬೇಗ ಹೋಗತ್ತೆ, ಲೀಡ್ ನುಡಿಸೋರಿಗೆ 12ರ ಆಸುಪಾಸು ಕೂಡ.

ತಲೆ ಚಪ್ಪಟೆ ಆದ್ರೆ ಏನಾಗತ್ತೆ ಅನ್ನೋದು ಸರಿಯಾಗಿ ಅರ್ಥ ಆಗ್ಬೇಕು. ಫ್ರೆಟ್ ಸ್ಲಾಟ್‌ನ (ಫ್ರೆಟ್ ಕೂರೋ ಸೀಳಿನ) ಲೆಕ್ಕ ಹಾಕಿರೋದು ಸ್ಟ್ರಿಂಗ್ ಫ್ರೆಟ್ಟಿನ ನಟ್ಟ ನಡುವೆ ತಾಗತ್ತೆ ಅಂತ. ಚಪ್ಪಟೆ ಆದ್ಮೇಲೆ ಅದು ಬ್ರಿಜ್ (ಗಿಟಾರಿನ ದೇಹದ ಮೇಲೆ ಸ್ಟ್ರಿಂಗ್ ಕೂರೋ ಭಾಗ) ಕಡೆ ಅಂಚಿಂದ ಬಿಟ್ಕೊಂಡು ಹೋಗತ್ತೆ, ಸ್ಟ್ರಿಂಗ್ ಉದ್ದ ಅಷ್ಟು ಕಮ್ಮಿ ಆಗಿ ಸ್ವರ ಏರತ್ತೆ. ಲೆಕ್ಕ ಹಾಕಿ ನೋಡಿ, 25.5 ಇಂಚು ಅಂದ್ರೆ ಸುಮಾರು 648 ಮಿಮೀ ಸ್ಕೇಲ್‌ನ (ಓಪನ್ ಸ್ಟ್ರಿಂಗ್ ಅಲುಗೋ ಪೂರ್ತಿ ಉದ್ದ) ಗಿಟಾರಲ್ಲಿ 12ನೇ ಫ್ರೆಟ್‌ನಿಂದ ಬ್ರಿಜ್‌ಗೆ 324 ಮಿಮೀ, ಅಲ್ಲಿ ಅರ್ಧ ಮಿಮೀ ಸರಿದ್ರೆ ಸ್ವರ ಸುಮಾರು 2.7 ಸೆಂಟ್ ಏರತ್ತೆ (ಸೆಂಟ್ ಅಂದ್ರೆ ಒಂದು ಫ್ರೆಟ್‌ನಷ್ಟು ಸ್ವರ ವ್ಯತ್ಯಾಸದ ನೂರನೇ ಒಂದು ಪಾಲು). ಸಣ್ಣದೇ, ಆದ್ರೆ ಒಂದೊಂದು ಫ್ರೆಟ್ ಒಂದೊಂದು ಥರ ಸವೆದಿರೋದ್ರಿಂದ ಬ್ರಿಜ್ ಸ್ಯಾಡಲ್ ಎಷ್ಟು ತಿರುಗಿಸಿದ್ರೂ ಕಾರ್ಡ್ ಪೂರ್ತಿ ಶ್ರುತಿಗೆ ಬರಲ್ಲ. ಜೊತೆಗೆ ಝೇಂಕರಿಸೋ ಥರ ಬಝ್ ಬೇರೆ. ಸ್ಟೇನ್‌ಲೆಸ್ ತಡೆಯೋದು ಇದನ್ನ, ಪೂರ್ತಿ ಅಲ್ಲ, ಆದ್ರೆ ತುಂಬಾ ನಿಧಾನ ಮಾಡತ್ತೆ.

ಎತ್ತರ, ಅಗಲ: ಇಲ್ಲಿ ನಿಂತು ಯೋಚಿಸಿ

ವೈರ್ ಅಳತೆ ಇಂಚಲ್ಲಿ ಬರತ್ತೆ. ಡನ್‌ಲಪ್ 6105 ಅಂದ್ರೆ 0.055 ಎತ್ತರ, 0.090 ಅಗಲ, ಎತ್ತರ ಆದ್ರೂ ಸಪೂರ. 6100 ಅಂದ್ರೆ ಅಷ್ಟೇ ಎತ್ತರ, ಅಗಲ 0.110, ಇದು ಜಂಬೋ. ಜೆಸ್ಕಾರ್‌ನೋರು ಅಂಕಿಯಲ್ಲೇ ಅಳತೆ ಇಟ್ಟುಬಿಟ್ಟಿದ್ದಾರೆ, 47104 ಅಂದ್ರೆ 0.047 ಎತ್ತರ, 0.104 ಅಗಲ, 43080 ಅಂದ್ರೆ 0.043 ಮತ್ತು 0.080, ಹಳೇ ಕಾಲದ ಸಣ್ಣ ಫ್ರೆಟ್‌ಗೆ ಹತ್ರ. 0.047 ಅಂದ್ರೆ ಸುಮಾರು 1.2 ಮಿಮೀ, 0.055 ಅಂದ್ರೆ 1.4 ಮಿಮೀ. ವ್ಯತ್ಯಾಸ ಕೇವಲ 0.2 ಮಿಮೀ, ಆದ್ರೂ ಬೆರಳಿಗೆ ಚೆನ್ನಾಗಿ ಗೊತ್ತಾಗತ್ತೆ.

ಫ್ರೆಟ್ ಎತ್ತರ ಇದ್ದಷ್ಟೂ ಬೆರಳ ತುದಿ ಮರಕ್ಕೆ ಕಮ್ಮಿ ತಾಗತ್ತೆ, ಬೆಂಡ್ ಸಲೀಸು, ವೈಬ್ರೆಟೋಗೆ ಹಿಡಿತ ಸಿಗತ್ತೆ. ಆದ್ರೆ ಕೈ ಭಾರ ಇರೋರು ಜೋರಾಗಿ ಒತ್ತಿದ್ರೆ ಸ್ಟ್ರಿಂಗ್ ಇನ್ನೂ ಕೆಳಗೆ ಹೋಗಿ ಸ್ವರ ಏರ್ಬಿಡತ್ತೆ, ಅದ್ರಲ್ಲೂ 9 ಗೇಜ್‌ನ ತೆಳ್ಳನೆ ಸ್ಟ್ರಿಂಗ್ ಹಾಕಿದ್ರೆ. ಕಲಿಯೋ ಹಂತದಲ್ಲಿ ಇದು ದೊಡ್ಡ ತೊಂದರೆ, ಟ್ಯೂನರ್ ಸರಿ ತೋರಿಸತ್ತೆ, ಕಾರ್ಡ್ ಮಾತ್ರ ಅಪಶ್ರುತಿ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಹೊಳೆಯಲ್ಲ. ನಿಕಲ್ ಸಿಲ್ವರ್‌ನಲ್ಲಿ ಬೇಕಿದ್ದಕ್ಕಿಂತ ಸ್ವಲ್ಪ ಎತ್ತರದ ವೈರ್ ಹಾಕಿಸೋದಕ್ಕೆ ಕಾರಣ ಇದೆ, ಮುಂದೆ ಸವೆದಾಗ ಲೆವೆಲ್ ಮಾಡಿ (ಎಲ್ಲ ಫ್ರೆಟ್ ಒಂದೇ ಎತ್ತರಕ್ಕೆ ಉಜ್ಜಿ) ಮತ್ತೆ ದುಂಡಗೆ ಮಾಡ್ಬೇಕು, ಪ್ರತಿ ಸಲ ಎತ್ತರ ಸ್ವಲ್ಪ ಹೋಗತ್ತೆ, ಅದಕ್ಕೆ ಮೀಸಲು ಇಟ್ಕೊಳ್ಳೋದು. ಸ್ಟೇನ್‌ಲೆಸ್‌ನಲ್ಲಿ ಆ ಕಾರಣನೇ ಹೋಗ್ಬಿಡತ್ತೆ. ಇವತ್ತು ಹಾಕಿದ ಎತ್ತರವೇ ಮುಂದೆ ಎಷ್ಟೋ ವರ್ಷ ನಿಮ್ಮ ಕೈಗೆ ಸಿಗೋ ಎತ್ತರ. ಹಾಗಾಗಿ ಆಮೇಲೆ ಅಭ್ಯಾಸ ಆಗತ್ತೆ, ಸವೆದು ಸರಿಹೋಗತ್ತೆ ಅಂತೆಲ್ಲ ಅಂದ್ಕೊಂಡು 0.057 ಹಾಕಿಸ್ಬೇಡಿ. ಈಗಿನ ಗಿಟಾರಲ್ಲಿ ಯಾವ ಫ್ರೆಟ್ ಇಷ್ಟ ಅಂತ ಡಿಜಿಟಲ್ ಕ್ಯಾಲಿಪರ್‌ನಲ್ಲಿ ಅಳೆದು, ಆ ಅಂಕಿ ಇಟ್ಕೊಂಡು ಮಾತಾಡಿ. ಗೊತ್ತಾಗ್ದೇ ಇದ್ರೆ 0.047ರ ಹತ್ರದ್ದು ತುಂಬಾ ಕೈಗಳಿಗೆ ಒಗ್ಗತ್ತೆ.

ಟೋನ್

ಪಿಕಪ್ ಹಿಡಿಯೋದು ಸ್ಟ್ರಿಂಗ್‌ನ ಅಲುಗಾಟನ. ಓಪನ್ ಸ್ಟ್ರಿಂಗ್ ಫ್ರೆಟ್ಟಿಗೆ ತಾಗೋದೇ ಇಲ್ಲ. ಒತ್ತಿದ ಸ್ವರದಲ್ಲಿ, ಅದ್ರಲ್ಲೂ ಸುತ್ತಿದ ದಪ್ಪ ಸ್ಟ್ರಿಂಗ್‌ಗಳಲ್ಲಿ, ಮೊದಲ ಏಟಿಗೆ ಸ್ವಲ್ಪ ಚುರುಕು ಕೇಳತ್ತೆ ಅನ್ನೋರಿದ್ದಾರೆ. ಇರ್ಬಹುದು. ಆದ್ರೆ ಹೋಲಿಕೆ ಹೇಗೆ ನಡೆಯತ್ತೆ ನೋಡಿ: ಸವೆದು ಚಪ್ಪಟೆ ಆಗಿರೋ ಹಳೇ ನಿಕಲ್ ಸಿಲ್ವರ್ ಕಿತ್ತು, ಹೊಸ ದುಂಡನೆ ಸ್ಟೇನ್‌ಲೆಸ್ ಹಾಕಿ, ಹೊಸ ಸ್ಟ್ರಿಂಗ್ ಕಟ್ಟಿ, ಹೊಸ ಸೆಟಪ್ ಮಾಡಿ, ಆಮೇಲೆ ಬ್ರೈಟ್ ಆಯ್ತು ಅಂತಾರೆ. ಇಷ್ಟೆಲ್ಲ ಬದಲಾದ್ಮೇಲೆ ಹೊಸ ನಿಕಲ್ ಸಿಲ್ವರ್ ಹಾಕಿದ್ರೂ ಬ್ರೈಟ್ ಆಗ್ತಿತ್ತು. ಟೋನ್ ನಾಬ್ ಸ್ವಲ್ಪ ತಿರುಗಿಸಿದ್ರೆ ಹೋಗೋ ವ್ಯತ್ಯಾಸಕ್ಕೆ ಈ ನಿರ್ಧಾರ ನಿಲ್ಲಿಸ್ಬೇಡಿ.

ಸ್ಪರ್ಶದ ವಿಷಯ ಮಾತ್ರ ನಿಜ. ಚೆನ್ನಾಗಿ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಮೇಲೆ ಬೆಂಡ್ ಜಾರ್ಕೊಂಡು ಹೋಗತ್ತೆ, ಗರಗರ ಅನ್ನಲ್ಲ, ಆ ನುಣುಪು ಹಾಗೇ ಉಳಿಯತ್ತೆ ಕೂಡ. ನಿಕಲ್ ಸಿಲ್ವರ್ ಗಾಳಿಗೆ ಬೆವರಿಗೆ ಮಂಕಾಗ್ತಾ ಬರತ್ತೆ, ಆಗಾಗ ಉಜ್ಜಬೇಕು. ಸ್ಟೇನ್‌ಲೆಸ್ ಸ್ಟ್ರಿಂಗ್‌ನ ತಿಂದುಹಾಕತ್ತೆ ಅನ್ನೋ ಭಯಕ್ಕೆ ಹೆಚ್ಚು ಆಧಾರ ಇಲ್ಲ, ಸ್ಟ್ರಿಂಗ್ ಹಾಳಾಗೋದು ಮುಖ್ಯವಾಗಿ ಬೆವರು, ತುಕ್ಕಿಂದ, ಪ್ಲೇನ್ ಸ್ಟ್ರಿಂಗ್ ಸ್ಟೇನ್‌ಲೆಸ್ ವೈರ್‌ಗಿಂತಲೂ ಗಡಸು.

ಹಾಕೋ ಕೈ

ಗಡಸು ಅನ್ನೋದು ನಮಗೆ ಲಾಭ, ಹಾಕೋರಿಗೆ ಕಷ್ಟ. ಫಿಂಗರ್‌ಬೋರ್ಡ್‌ನ ಕಮಾನಿಗೆ ಬಗ್ಗಿಸಿದ್ರೆ ವಾಪಸ್ ಚಿಮ್ಮತ್ತೆ, ಹಾಗಾಗಿ ಬೇಕಿದ್ದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸ್ಬೇಕು, ಇಲ್ದಿದ್ರೆ ತುದಿಗಳು ಕಾಲಾಂತರದಲ್ಲಿ ಮೇಲೆದ್ದು ಹೊರಗಿನ ಇ ಸ್ಟ್ರಿಂಗ್‌ಗಳು ಬಝ್ ಆಗತ್ವೆ. ಮಾಮೂಲಿ ಕಟರ್‌ನ ಅಂಚು ಬೇಗ ಮೊಂಡಾಗತ್ತೆ. ತಲೆ ದುಂಡಗೆ ಮಾಡೋಕೆ ಡೈಮಂಡ್ ಫೈಲ್ (ಅರ) ಇದ್ರೆ ಒಳ್ಳೇದು. ಫೈಲ್ ಗೀಚಿದ ಗುರುತು ತೆಗೆಯೋಕೆ ಸ್ಯಾಂಡ್‌ಪೇಪರ್‌ನ ಒಂದೊಂದೇ ಗ್ರಿಟ್ ಏರಿಸ್ತಾ ತುಂಬಾ ಹೊತ್ತು ಉಜ್ಜಬೇಕು, ಒಂದು ಗ್ರಿಟ್ ಹಾರಿಸಿದ್ರೂ ಗುರುತು ಉಳಿಯತ್ತೆ, ಅದು ನುಡಿಸ್ತಾ ನುಡಿಸ್ತಾ ತಾನಾಗೇ ಹೋಗಲ್ಲ, ನಿಕಲ್ ಸಿಲ್ವರ್ ಆಗಿದ್ರೆ ಹೋಗ್ತಿತ್ತು. ತುದಿಗಳನ್ನ ದುಂಡಗೆ ಮಾಡದೇ ಬಿಟ್ರೆ ಅಂಗೈ ಗೀರತ್ತೆ. ಒಣ ಹವೆಯಲ್ಲಿ ಮರ ಕುಗ್ಗಿ ಫ್ರೆಟ್ ತುದಿ ಹೊರಗೆ ಬರೋದು ಯಾವ ಲೋಹ ಆದ್ರೂ ಆಗತ್ತೆ, ಸ್ಟೇನ್‌ಲೆಸ್‌ನಲ್ಲಿ ಅದನ್ನ ಉಜ್ಜಿ ಸರಿ ಮಾಡೋದು ನಿಧಾನ, ಅಷ್ಟೇ.

ಅದಕ್ಕೇ ಹೇಳೋದು, ಕೆಲಸ ಕೊಡೋ ಮುಂಚೆ ಅವರು ಈ ಹಿಂದೆ ಸ್ಟೇನ್‌ಲೆಸ್ ಹಾಕಿರೋ ಒಂದು ಗಿಟಾರ್ ಕೇಳಿ ಕೈಗೆ ತಗೊಳ್ಳಿ. ಅಂಗೈನ ನೆಕ್ ಪಕ್ಕದಲ್ಲಿ ಮೇಲಿಂದ ಕೆಳಗೆ ಆಡಿಸಿ, ಆಮೇಲೆ ಜಿ ಸ್ಟ್ರಿಂಗ್ 12ನೇ ಫ್ರೆಟ್‌ನಲ್ಲಿ ಒಂದು ಫುಲ್ ಸ್ಟೆಪ್ ಬೆಂಡ್ ಮಾಡಿ. ಅಷ್ಟರಲ್ಲೇ ಅವರ ಕೆಲಸ ಗೊತ್ತಾಗತ್ತೆ. ಅನುಭವ ಇಲ್ದಿರೋ ಕೈಯಿಂದ ಸ್ಟೇನ್‌ಲೆಸ್ ಹಾಕಿಸೋದಕ್ಕಿಂತ ಪಳಗಿದ ಕೈಯಿಂದ ನಿಕಲ್ ಸಿಲ್ವರ್ ಹಾಕಿಸೋದು ಸಾವಿರ ಪಾಲು ಮೇಲು.

ಯಾರಿಗೆ ಬೇಕು, ಯಾರಿಗೆ ಬೇಡ

ದಿನಾ ಗಂಟೆಗಟ್ಟಲೆ ನುಡಿಸೋರು, ಬೆಂಡ್ ಜಾಸ್ತಿ ಮಾಡೋರು, ಲ್ಯಾಕರ್ ಹಾಕಿದ ಮೇಪಲ್ ಫಿಂಗರ್‌ಬೋರ್ಡ್ ಇರೋರು ಕಣ್ಮುಚ್ಚಿ ಹಾಕಿಸ್ಬಹುದು. ಮೇಪಲ್ ಯಾಕಂದ್ರೆ ಪ್ರತಿ ಸಲ ಫ್ರೆಟ್ ಕಿತ್ತಾಗ್ಲೂ ಲ್ಯಾಕರ್ ಚಕ್ಕೆ ಏಳೋ ಅಪಾಯ ಇದೆ, ಆ ಕೆಲಸ ಎಷ್ಟು ಕಮ್ಮಿ ಸಲ ಆಗತ್ತೋ ಅಷ್ಟು ಒಳ್ಳೇದು. ಹೊಸ ಗಿಟಾರ್ ತಗೊಳ್ಳೋರಿಗೆ ಫ್ಯಾಕ್ಟರಿಯಿಂದಲೇ ಸ್ಟೇನ್‌ಲೆಸ್ ಬರೋ ಮಾಡೆಲ್ ಸಿಗತ್ವೆ, ಇದು ನಿನ್ನೆ ಮೊನ್ನೆಯ ಸಂಗತಿನೂ ಅಲ್ಲ, 1993ರಲ್ಲೇ ಬಂದ ಪಾರ್ಕರ್ ಫ್ಲೈ ಗಿಟಾರಲ್ಲಿ ಸ್ಟೇನ್‌ಲೆಸ್ ಫ್ರೆಟ್ ಇತ್ತು, ಅದೂ ಸ್ಲಾಟ್ ಇಲ್ದೇ ಬೋರ್ಡ್ ಮೇಲೆ ಅಂಟಿಸಿದ್ದು.

ವಾರಕ್ಕೆ ಒಂದೆರಡು ಗಂಟೆ ನುಡಿಸೋರಿಗೆ, ಫ್ರೆಟ್ ಇನ್ನೂ ಎತ್ತರ ಇರೋರಿಗೆ ಲೆವೆಲ್ ಮಾಡಿಸಿದ್ರೆ ಸಾಕು. ಅಗ್ಗದ ಗಿಟಾರ್‌ಗೆ ಪೂರ್ತಿ ರಿಫ್ರೆಟ್ ಅಂದ್ರೆ ಮೂಗಿಗಿಂತ ಮೂಗುತಿ ಭಾರ. ನಿಕಲ್ ಚರ್ಮಕ್ಕೆ ಆಗದವರು, ಅಥವಾ ಫ್ರೆಟ್ ಹಾಕೋರು ಸ್ಟೇನ್‌ಲೆಸ್ ಬೇಡ ಅಂದಿದ್ರೆ ಅಂಥವರು ಇವೋ ನೋಡ್ಬಹುದು, ಅದು ತಾಮ್ರ, ತವರದ ಮಿಶ್ರಲೋಹ, ನಿಕಲ್ ಇಲ್ಲ, ಫೈಲ್‌ಗೂ ಅಷ್ಟು ಹಟ ಮಾಡಲ್ಲ. ಬಣ್ಣ ಇಷ್ಟ ಆಗ್ಬೇಕು.

ಕೊನೆಗೆ ನಟ್, ಅಂದ್ರೆ ನೆಕ್‌ನ ತಲೆ ಕಡೆ ತುದಿಯಲ್ಲಿ ಸ್ಟ್ರಿಂಗ್‌ಗಳು ಕೂರೋ ಸೀಳುಗಳಿರೋ ಪಟ್ಟಿ. ಹೊಸ ಫ್ರೆಟ್ ಹಳೇದಕ್ಕಿಂತ ಎತ್ತರ ಇದ್ರೆ ಹಳೇ ನಟ್‌ನ ಸ್ಲಾಟ್ ಆಳ ಜಾಸ್ತಿ ಆಗ್ಬಿಡತ್ತೆ, ಓಪನ್ ಸ್ಟ್ರಿಂಗ್ ಮೊದಲ ಫ್ರೆಟ್‌ಗೆ ಬಡಿಯತ್ತೆ, ಜನ ಫ್ರೆಟ್ ಕೆಲಸ ಕೆಟ್ಟಿದೆ ಅಂದ್ಕೋತಾರೆ. ಸ್ಟ್ರಿಂಗ್‌ನ 2 ಮತ್ತು 3ನೇ ಫ್ರೆಟ್ ಮಧ್ಯೆ ಒತ್ತಿ ಹಿಡ್ಕೊಂಡು ಮೊದಲ ಫ್ರೆಟ್ ಮೇಲೆ ಮೆಲ್ಲಗೆ ತಟ್ಟಿ, ಕೂದಲೆಳೆಯಷ್ಟು ಸಂದು ಇದ್ದು ಟಿಣ್ ಅಂದ್ರೆ ಸರಿ, ಪೂರ್ತಿ ಕೂತಿದ್ರೆ ಹೊಸ ನಟ್ ಬೇಕು. ರಿಫ್ರೆಟ್ ಮಾತಾಡುವಾಗಲೇ ನಟ್ ಕೂಡ ಸೇರಿಸಿ ಮಾತಾಡ್ಕೊಳ್ಳಿ.