ತಿದ್ದುವುದು ಬೇರೆ, ತಿರುಗಿ ಬರೆಯುವುದು ಬೇರೆ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ‘ಪ್ರಬಂಧವನ್ನು ಇನ್ನೊಮ್ಮೆ ನೋಡಿ ಸರಿಪಡಿಸಿ’ ಎಂದು ಹೇಳಿದರೆ ಅವರು ಸಾಮಾನ್ಯವಾಗಿ ಪದಗಳನ್ನು ಬದಲಿಸುತ್ತಾರೆ. ಎರಡು ಸಲ ಬಂದ ಪದವನ್ನು ಹೊಡೆದುಹಾಕಿ ಅದೇ ಅರ್ಥದ ಇನ್ನೊಂದನ್ನು ತಂದು ಕೂರಿಸುತ್ತಾರೆ. ವಾದ ಮಾತ್ರ ಇದ್ದಲ್ಲೇ ಇರುತ್ತದೆ.

ಅಮೆರಿಕದ ಸಂಶೋಧಕಿ ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದನ್ನೇ. ಕಾಲೇಜಿನ ಮೊದಲ ವರ್ಷದ 20 ವಿದ್ಯಾರ್ಥಿಗಳು ಮತ್ತು 20 ನುರಿತ ಬರಹಗಾರರು ತಲಾ ಮೂರು ಪ್ರಬಂಧಗಳನ್ನು ಬರೆದು, ಒಂದೊಂದನ್ನೂ ಎರಡೆರಡು ಬಾರಿ ತಿರುಗಿ ಬರೆದರು. ವಿದ್ಯಾರ್ಥಿಗಳ ಕಣ್ಣು ಪದಗಳ ಮೇಲಿತ್ತು. ನುರಿತವರು ಮೊದಲು ಹುಡುಕುತ್ತಿದ್ದುದು ತಮ್ಮ ವಾದದ ಆಕಾರವನ್ನು. ಆಮೇಲೆ, ಅದು ಓದುಗರಿಗೆ ಹೇಗೆ ಕಾಣುತ್ತದೆ ಎಂಬುದನ್ನು.

ಇದರಲ್ಲಿ ತಪ್ಪೆಲ್ಲ ವಿದ್ಯಾರ್ಥಿಗಳದೇ ಅಲ್ಲ. ಎರಡು ವರ್ಷಗಳ ನಂತರ ಸಾಮರ್ಸ್ ಅಧ್ಯಾಪಕರ ಟಿಪ್ಪಣಿಗಳತ್ತಲೂ ತಿರುಗಿದರು. ಒಂದೇ ಪ್ಯಾರಾದ ಪಕ್ಕದಲ್ಲಿ ‘ವಾಕ್ಯ ಬಿಗಿಗೊಳಿಸಿ’ ಎಂಬ ಸೂಚನೆಯೂ ‘ಈ ವಿಚಾರವನ್ನು ಬೆಳೆಸಿ’ ಎಂಬ ಸೂಚನೆಯೂ ಇದ್ದವು. ವಿಚಾರವೇ ಬೆಳೆದು ಬದಲಾಗಬೇಕಾದಲ್ಲಿ ವಾಕ್ಯವನ್ನು ನಯಗೊಳಿಸುವುದು ಕೆಡವಬೇಕಾದ ಗೋಡೆಗೆ ಸುಣ್ಣ ಬಳಿದಂತೆ. ಸಾಲದ್ದಕ್ಕೆ, ಅನೇಕ ಟಿಪ್ಪಣಿಗಳನ್ನು ಒಂದು ಪ್ರಬಂಧದಿಂದ ಕಿತ್ತು ಇನ್ನೊಂದರ ಅಂಚಿನಲ್ಲಿ ಬರೆದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ‘ಇನ್ನಷ್ಟು ಸ್ಪಷ್ಟವಾಗಿರಲಿ’ ಎಂಬ ಸಲಹೆ ಯಾವ ಬರಹಕ್ಕೆ ಹೊಂದುವುದಿಲ್ಲ?

ಹಿಮ್ಮಾಹಿತಿ (ಫೀಡ್‌ಬ್ಯಾಕ್) ಕೊಟ್ಟರೆ ಸಾಕು, ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕ್ಲುಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಹಳೆಯ ಪ್ರಯೋಗಗಳ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಸುಧಾರಣೆ ಕಂಡಿತು. ಆದರೆ ಮೂರನೇ ಒಂದು ಪಾಲಿಗಿಂತ ಹೆಚ್ಚಿನವುಗಳಲ್ಲಿ ಕೆಲಸ ಮೊದಲಿಗಿಂತ ಹದಗೆಟ್ಟಿತ್ತು. ಗಮನವು ಕೆಲಸವನ್ನು ಬಿಟ್ಟು ‘ನಾನು ಎಂಥವನು’ ಎಂಬುದರತ್ತ ಸರಿದಷ್ಟೂ ಹಿಮ್ಮಾಹಿತಿಯ ಬಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಅಂಕಗಳು ಮಾಡುವುದು ಈ ಕೆಲಸವನ್ನೇ. ಇಸ್ರೇಲಿನ ರುತ್ ಬಟ್ಲರ್ ಅವರ 1988ರ ಪ್ರಯೋಗದಲ್ಲಿ ಟಿಪ್ಪಣಿಯನ್ನಷ್ಟೇ ಪಡೆದ ಮಕ್ಕಳು ಮುಂದುವರಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅವರು ಶಾಲಾ ಮಕ್ಕಳು, ಕೊಟ್ಟ ಕೆಲಸವೂ ಪ್ರಬಂಧವಲ್ಲ. ಆದರೂ ಉತ್ತರಪತ್ರಿಕೆ ಕೈಗೆ ಬಂದೊಡನೆ ಅಂಕವನ್ನು ನೋಡಿ ಮಡಚಿಡುವ ಪದವಿ ವಿದ್ಯಾರ್ಥಿಗಳ ವಿಷಯದಲ್ಲಿ ಇದು ನನಗೆ ಅಚ್ಚರಿ ತರುವುದಿಲ್ಲ.

ಹಾಗಾಗಿ ಟಿಪ್ಪಣಿ ಬರಬೇಕಾದದ್ದು ಕರಡಿನ ಹಂತದಲ್ಲಿ, ಅಂಕವಿಲ್ಲದೆ. ಅದು ಎರಡು ಮೂರು ದೊಡ್ಡ ವಿಚಾರಗಳನ್ನಷ್ಟೇ ಹಿಡಿಯಲಿ: ಈ ಪ್ರಬಂಧ ಏನನ್ನು ಸಾಧಿಸಲು ಹೊರಟಿದೆ, ಕೊಟ್ಟ ಪುರಾವೆ ಅದನ್ನು ಹೊರುತ್ತದೆಯೇ, ಎದುರು ವಾದಿಸುವವರು ಏನು ಕೇಳಿಯಾರು. ಕಾಗುಣಿತ ಕೊನೆಯ ಕರಡಿನವರೆಗೆ ಕಾಯಬಲ್ಲದು.

ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಇಷ್ಟವಾದದ್ದು. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವರನ್ನು ಲಂಡ್‌ಸ್ಟ್ರಾಮ್ ಮತ್ತು ಬೇಕರ್ ಎಂಬ ಸಂಶೋಧಕರು ಎರಡು ಗುಂಪು ಮಾಡಿದರು. ಒಂದು ಗುಂಪು ಬೇರೆಯವರ ಪ್ರಬಂಧಗಳಿಗೆ ಸಲಹೆ ಕೊಡುವುದನ್ನು ಮಾತ್ರ ಕಲಿಯಿತು, ಇನ್ನೊಂದು ಬಂದ ಸಲಹೆಯನ್ನು ಬಳಸುವುದನ್ನು ಮಾತ್ರ. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸ್ವಂತ ಬರವಣಿಗೆಯಲ್ಲಿ ಹೆಚ್ಚು ಮುಂದೆ ಹೋದವರು ಸಲಹೆ ಕೊಟ್ಟವರು. ನಮ್ಮ ಬರಹದಲ್ಲಿ ಬಿಟ್ಟುಹೋದ ಕೊಂಡಿಯನ್ನು ಓದುವಾಗ ನಮ್ಮ ತಲೆಯೇ ತುಂಬಿಕೊಂಡುಬಿಡುತ್ತದೆ. ಹೇಳಹೊರಟದ್ದು ನಮಗೆ ಮೊದಲೇ ಗೊತ್ತಲ್ಲ! ಪರರ ಬರಹದಲ್ಲಿ ಆ ಸೌಲಭ್ಯವಿಲ್ಲ, ಕಂದಕ ಕಂದಕವಾಗಿಯೇ ಕಾಣುತ್ತದೆ.

ನೂರು ಪ್ರಬಂಧ ತಿದ್ದುವ ಅಧ್ಯಾಪಕರಿಗೆ ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕೊನೆಯ ಪ್ರತಿಯ ಅಂಚಿನಲ್ಲಿ, ಯಾರೂ ಮತ್ತೆ ತೆರೆಯದ ಪುಟಗಳ ಮೇಲೆ, ಅವರು ಈಗಲೂ ಗಂಟೆಗಟ್ಟಲೆ ಬರೆಯುತ್ತಲೇ ಇದ್ದಾರೆ. ಅದೇ ಗಂಟೆಗಳನ್ನು ಕರಡಿಗೆ ವರ್ಗಾಯಿಸಿದರೆ ಕೊನೆಯ ಪ್ರತಿಗೆ ಬರಿಯ ಅಂಕ ಸಾಕು.